ಓದದೆ ಮಡಚಿದ ಪುಟ

ಅತ್ತಿಗೆ, ನಿಮಗೆ ಮಕ್ಕಳಾಗುವುದನ್ನು ನಾಲ್ಕು ವರ್ಷ ತಡೆದವಳು ನಾನು. ದೇವರಲ್ಲ, ಅಣ್ಣನ ಕಣ್ಣಲ್ಲ, ಅಪ್ಪನ ವಂಶವಂತೂ ಅಲ್ಲವೇ ಅಲ್ಲ — ನಾನು. ಆಸ್ಪತ್ರೆಯ ಬೆಂಚಿನ ಮೇಲೆ ಇದನ್ನು ಹೇಳಿದೆ, ನಿಜ. ಆದರೆ ಬಾಯಲ್ಲಿ ಹೇಳುವಾಗ ಅರ್ಧ ನುಂಗಿದೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇನ್ನೊಬ್ಬರ ನಾಲಿಗೆಯನ್ನು ನಂಬದೆ ನೀವೇ ಓದಿಕೊಳ್ಳುವ ಹಾಗೆ.

ನಿಮ್ಮ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಅಣ್ಣ ಪೀಣ್ಯದಲ್ಲಿ ಲೇಥ್ ಮೇಲೆ ನಿಲ್ಲುತ್ತಿದ್ದ. ನೀವು ಗದಗದ ಕಡೆಯಿಂದ ಬಂದು ಅದೇ ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದಿರಿ. ಒಂದು ದಿನ ಅವನು ಅಳತೆಯ ಗೆರೆ ಮಸುಕಾಗಿದೆ ಎಂದ. ಎರಡು ತಿಂಗಳಲ್ಲಿ ಎದುರಿಗಿದ್ದವರ ಮುಖದ ನಟ್ಟನಡುವೆ ಬೂದು ಮಚ್ಚೆ ಕೂತುಬಿಟ್ಟಿತು. ನೋವಿಲ್ಲ, ಕೆಂಪಿಲ್ಲ. ಅಂಚಿನ ನೋಟವಷ್ಟೇ ಉಳಿಯಿತು. ಇವತ್ತಿಗೂ ನಮ್ಮನ್ನು ನೋಡಬೇಕೆಂದರೆ ಅವನು ನಮ್ಮ ಕಿವಿಯ ಆಚೆಗೆ ನೋಡುತ್ತಾನೆ.

ರಕ್ತ ಪರೀಕ್ಷೆಯ ವರದಿ ಬಂದಾಗ ಡಾಕ್ಟರು ಮನೆಯವರನ್ನೆಲ್ಲ ಕರೆತನ್ನಿ, ಕೂತು ವಿವರಿಸುತ್ತೇವೆ ಎಂದಿದ್ದರು. ಬೇಡ, ನಾನೇ ಹೇಳುತ್ತೇನೆ ಎಂದೆ. ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ವೈಟ್‌ಫೀಲ್ಡಿನ ಲ್ಯಾಬಿನಲ್ಲಿ ದಿನವೂ ಇಂಥವೇ ವರದಿಗಳನ್ನು ಪರಿಶೀಲಿಸುವವಳು. ನನ್ನ ಮನೆಗೆ ಬೇರೆಯವರೇಕೆ ಹೇಳಬೇಕು — ಆ ಹಮ್ಮು ಇತ್ತು.

ದಾಸರಹಳ್ಳಿಯ ಮನೆಯಲ್ಲಿ ಭಾನುವಾರದ ಮಧ್ಯಾಹ್ನ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದರು. ನೀವು ಮೂರು ಪುಟದ ಆ ಕಾಗದವನ್ನು ನನ್ನ ಕೈಗಿಟ್ಟು, "ಇಂಗ್ಲೀಷಿನ್ಯಾಗ ಐತಿ, ನೀನ ಓದಿ ಹೇಳ" ಅಂದಿರಿ. ನಾನು ಎರಡು ಪುಟ ಓದಿ ಹೇಳಿದೆ. ಇದು ಹುಟ್ಟಿನಿಂದ ಬಂದದ್ದು, ವಂಶದಲ್ಲಿ ಹರಿಯುವುದು ಎಂದೆ. ಆಮೇಲೆ ನೀವು ಕೇಳಿದಿರಿ.

"ಮಕ್ಕಳಿಗೂ ಬರ್ತೈತೇನ?"

ಉತ್ತರ ಮೂರನೆಯ ಪುಟದಲ್ಲಿತ್ತು. ನಾನು ಅದನ್ನು ಮಡಚಿದೆ. "ಹೇಳೋಕಾಗಲ್ಲ ಅತ್ತಿಗೆ" ಎಂದೆ.

ಹೇಳಬಹುದಿತ್ತು. ನಮ್ಮ ಶರೀರದ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಮೈಟೋಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿವೆ, ಕೆಲವು ಕೋಶಗಳಲ್ಲಿ ನೂರಾರು. ಉಂಡದ್ದನ್ನು ಉಸಿರಿನ ಆಮ್ಲಜನಕದಲ್ಲಿ ಸುಟ್ಟು ಕೋಶ ನಡೆಯಲು ಬೇಕಾದ ಶಕ್ತಿ ಮಾಡುವುದು ಅವು. ಅವಕ್ಕೆ ತಮ್ಮದೇ ಆದ ಚಿಕ್ಕ ಡಿಎನ್‌ಎ ಇದೆ. ಅದರಲ್ಲಿ ಒಂದು ಅಕ್ಷರ ಬದಲಾದರೆ ಶಕ್ತಿ ಕಡಿಮೆ ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಕರೆಂಟು ಇಳಿದಾಗ ನೋಡಿದ್ದೀರಲ್ಲ — ಬಲ್ಬು ಮಂಕಾಗಿಯಾದರೂ ಉರಿಯುತ್ತದೆ, ಸಂಪಿನ ಮೋಟಾರು ಮಾತ್ರ ನೀರೆತ್ತುವುದಿಲ್ಲ. ಹಾಗೆಯೇ ಕೈಕಾಲು ನಡೆದಾವು. ಹೆಚ್ಚು ಶಕ್ತಿ ಬೇಡುವ ಕಣ್ಣಿನ ನರ ಮೊದಲು ಸೋಲುತ್ತದೆ. ಒಂದೇ ತಪ್ಪು ಹೊತ್ತ ಎಲ್ಲರಿಗೂ ಹೀಗಾಗುವುದಿಲ್ಲ. ಗಂಡಸರಿಗೆ ಹೆಚ್ಚು, ಹೆಂಗಸರಿಗೆ ಕಡಿಮೆ. ಏಕೆಂದು ಪೂರ್ತಿ ತಿಳಿದವರಿಲ್ಲ.

ಆದರೆ ಒಂದು ಮಾತು ಚೆನ್ನಾಗಿ ತಿಳಿದಿದೆ. ಈ ಒಲೆಗಳು ಮಗುವಿಗೆ ಬರುವುದು ತಾಯಿಯ ಅಂಡದಿಂದ. ತಂದೆಯ ಕಡೆಯಿಂದ ಬಂದ ಕೆಲವೇ ಕೆಲವು ಅಲ್ಲಿ ಉಳಿಯುವುದಿಲ್ಲ. ಗೋತ್ರ, ಮನೆದೇವರು, ಮನೆತನದ ಹೆಸರು — ಎಲ್ಲ ಅಪ್ಪನಿಂದ ಇಳಿಯುತ್ತವೆ ಎಂದು ಬೆಳೆದವರು ನಾವು. ಇದೊಂದು ಮಾತ್ರ ಅಮ್ಮನಿಂದ. ಅಣ್ಣನಿಗೆ ಅಮ್ಮನಿಂದ ಬಂತು, ಅಣ್ಣನಿಂದ ಯಾರಿಗೂ ಹೋಗುವುದಿಲ್ಲ. ಮೂರನೆಯ ಪುಟದಲ್ಲಿ ಇದ್ದದ್ದು ಇಷ್ಟೇ.

ಇನ್ನೊಂದು ಸಾಲು ಬರೆದಿರಲಿಲ್ಲ, ನನಗೆ ಕಾಣುತ್ತಿತ್ತು. ಅಮ್ಮನಿಂದ ಅಣ್ಣನಿಗೆ ಬಂದದ್ದು ನನಗೂ ಬಂದಿದೆ. ನನ್ನ ಮಕ್ಕಳಿಗೂ ಹೋಗುತ್ತದೆ. ಜಾಲಹಳ್ಳಿಯಿಂದ ಒಂದು ಸಂಬಂಧ ಬಂದಿತ್ತು ಆಗ. ಮುಂದಿನ ಭಾನುವಾರ ಅವರು ಬರುವವರಿದ್ದರು.

ನನ್ನ ಮೌನವನ್ನು ಎಲ್ಲರೂ ತಮಗೆ ತಿಳಿದ ಹಾಗೆ ತುಂಬಿಕೊಂಡರು. ವಂಶ ಎಂದರೆ ಅಪ್ಪನದು ತಾನೇ? ತೀರಿಹೋದ ಅಪ್ಪ ತಕರಾರು ಮಾಡುವಂತಿರಲಿಲ್ಲ. ಅವರ ಊರಿನ ಮನೆದೇವರಿಗೆ ತಪ್ಪುಕಾಣಿಕೆ ಕಟ್ಟಿ ಬಂದೆವು — ನಾನೂ ಕೈಮುಗಿದೆ. ಅಣ್ಣ, ನನ್ನ ಕತ್ತಲೆ ಇನ್ನೊಬ್ಬರಿಗೆ ಬೇಡ, ಮಕ್ಕಳು ಬೇಡ ಎಂದ. ನೀವು ಮಾತ್ರೆ ನುಂಗತೊಡಗಿದಿರಿ. ಓಣಿಯ ಸೀಮಂತಗಳಿಗೆ ಹೋಗುವುದನ್ನು ಬಿಟ್ಟಿರಿ. ಕರೆಯಲು ಬಂದವರಿಗೆ ಓವರ್‌ಟೈಮ್ ಇದೆ ಎನ್ನುತ್ತಿದ್ದಿರಿ. ಓವರ್‌ಟೈಮ್ ಇರುತ್ತಿರಲಿಲ್ಲ. ನಾನು ಪಕ್ಕದ ಕೋಣೆಯಲ್ಲೇ ಇರುತ್ತಿದ್ದೆ.

ಜಾಲಹಳ್ಳಿಯ ಸಂಬಂಧ ಎರಡೇ ತಿಂಗಳಲ್ಲಿ ಜಾತಕದ ಕಾರಣಕ್ಕೆ ಮುರಿಯಿತು. ಆಗಲಾದರೂ ಹೇಳಬಹುದಿತ್ತು. ಆದರೆ ಎರಡು ತಿಂಗಳು ಏಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಆಮೇಲೆ ಆರು ತಿಂಗಳು, ಆಮೇಲೆ ವರ್ಷ —

ಕಳೆದ ವರ್ಷ ನೀವು ನನ್ನನ್ನು ಆಸ್ಪತ್ರೆಗೆ ಜೊತೆ ಕರೆದಿರಿ. "ಗುಳಿಗಿ ನುಂಗಿ ನುಂಗಿ ಸಾಕಾಗೇತಿ. ಆಪರೇಶನ್ ಮಾಡಿಸಿಬಿಡ್ತೀನಿ" ಎಂದಿರಿ. ಬೆಂಚಿನ ಮೇಲೆ ಕೂತು ಒಪ್ಪಿಗೆ ಪತ್ರವನ್ನು ನನ್ನ ಮುಂದೆ ಹಿಡಿದಿರಿ. "ಇದನ್ನೂ ನೀನ ಓದ. ಹಿಂದಿನದೂ ನೀನ ಓದಿದ್ದಿ."

ನಿಮ್ಮ ದನಿಯಲ್ಲಿ ಕೊಂಕು ಇರಲಿಲ್ಲ. ಬರೀ ನಂಬಿಕೆಯಿತ್ತು. ಅದನ್ನು ತಡೆಯಲಾಗಲಿಲ್ಲ. ಹೇಳಿದೆ.

"ಅವರಿಂದ ಬರೂದಿಲ್ಲೇನ?"

"ಇಲ್ಲ."

"ಒಂದೀಟೂ?"

"ಒಂಚೂರೂ ಇಲ್ಲ ಅತ್ತಿಗೆ. ನಂಗೆ ಅವತ್ತೇ ಗೊತ್ತಿತ್ತು."

ನೀವು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿದಿರಿ. ಬೈಯುತ್ತೀರಿ ಎಂದು ಕಾದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಮುಂದೆ ಹೋಗಿ ನಿಂತಿರಿ. ದಾಸರಹಳ್ಳಿಯಲ್ಲಿ ಇಳಿದ ಮೇಲೆ ಒಂದೇ ಮಾತು: "ನಾಕು ವರ್ಷ, ಹೇಮಾ."

ಆ ಸಂಜೆ ಎಲ್ಲರ ಎದುರು ಮತ್ತೆ ಹೇಳಿದೆ. ಅಣ್ಣ ನನ್ನ ಕಿವಿಯ ಆಚೆ ನೋಡಿದ. "ಮನೇಲಿ ನಾನೊಬ್ನೇ ಕಾಣ್ದೋನು ಅನ್ಕೊಂಡಿದ್ದೆ ಕಣೆ" ಎಂದ. ಅಮ್ಮನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅಮ್ಮ ನೊಂದಾರೆಂದು ಮುಚ್ಚಿಟ್ಟೆ ಎಂದು ನಾನೇ ನನಗೆ ಹೇಳಿಕೊಂಡು ಬಂದಿದ್ದೆನಲ್ಲ. ಅಮ್ಮ ಮೆಲ್ಲಗೆ ಅಂದರು: "ನನ್ ತಮ್ಮಂಗೂ ಇಪ್ಪತ್ತೆರಡಕ್ಕೆ ಹಿಂಗೇ ಆಗಿತ್ತು. ವೆಲ್ಡಿಂಗ್ ಬೆಳಕು ಬಡೀತು ಅಂತ ಊರಿಗೆಲ್ಲ ಹೇಳಿದ್ವಿ. ನನ್ ಕಡೆಯಿಂದಾನೇ ಇರ್ಬೇಕು ಅಂತ ಒಳಗೊಳಗೇ ಅನ್ನಿಸ್ತಿತ್ತು ಕಣೆ. ನೀನು ಓದ್ದೋಳು, ನೀನೇ ಸುಮ್ನಿದ್ಯಲ್ಲ ಅಂತ ನಾನೂ ಸುಮ್ನಿದ್ದೆ."

ಅಲ್ಲಿಗೆ ನನ್ನ ನೆಪ ಮುಗಿಯಿತು. ಅಮ್ಮನಿಗಾಗಿ ಅಲ್ಲ. ನನಗಾಗಿ ಮಡಚಿದೆ ಆ ಪುಟವನ್ನು. ಇಷ್ಟು ಬರೆದ ಮೇಲೆ ಎದೆ ಹಗುರವಾಗಿದೆ. ಆ ಹಗುರಕ್ಕೂ ನಾಚಿಕೆಯಾಗುತ್ತದೆ, ಆದರೆ ಸುಳ್ಳು ಹೇಳಲಾರೆ, ಹಗುರವಾಗಿದೆ.

ನನ್ನ ಪರೀಕ್ಷೆಯನ್ನೂ ಮಾಡಿಸಿದೆ. ಇದೆ, ನನ್ನಲ್ಲೂ. ಇನ್ನು ಯಾರು ನೋಡಲು ಬಂದರೂ ಜಾತಕಕ್ಕಿಂತ ಮೊದಲು ಆ ಕಾಗದ ಕೊಡುತ್ತೇನೆ.

ಹೋದ ವಾರ ನಿಮ್ಮ ಐದನೇ ತಿಂಗಳ ಸ್ಕ್ಯಾನ್. ವರದಿ ಕೈಗೆ ಬಂದಾಗ ನನಗೇ ತಿಳಿಯದೆ ಕೈ ಚಾಚಿದೆ. ನೀವು ನನ್ನನ್ನು ದಾಟಿ ನರ್ಸಿನ ಬಳಿ ಹೋದಿರಿ. "ಸಿಸ್ಟರ್, ನೀವು ಓದಿ ಹೇಳ್ರಿ. ಪೂರ್ತಿ." ಅವರು ಓದಿದರು, ಎಲ್ಲ ಸರಿಯಿದೆ ಎಂದರು. ನಾನು ಗೋಡೆಗೆ ಒರಗಿ ಕೇಳಿಸಿಕೊಂಡೆ. ಆ ಶಿಕ್ಷೆ ನ್ಯಾಯವಾಗಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನೀವು ಅದೇ ಕಾಗದವನ್ನು ನನ್ನ ಕೈಗಿಟ್ಟಿರಿ.

"ಈಗ ನೀ ಓದ. ಇಬ್ಬರದೂ ಒಂದ ಐತೋ ಇಲ್ಲೋ ನೋಡೂಣು."

ಓದಿದೆ, ಅತ್ತಿಗೆ. ಹೊಸ್ತಿಲ ಮೇಲೆ ನಿಂತೇ, ಮೊದಲ ಸಾಲಿನಿಂದ ಕೆಳಗಿನ ಸಹಿಯವರೆಗೆ, ಒಂದು ಪದವನ್ನೂ ಬಿಡದೆ. ಮುಗಿದ ಮೇಲೆ ಹಾಳೆ ತಿರುಗಿಸಿ ಹಿಂಬದಿಯನ್ನೂ ತೋರಿಸಿದೆ. ಅಲ್ಲಿ ಏನೂ ಬರೆದಿರಲಿಲ್ಲ.