ಹದಿನಾರು ಕಿಲೋ ಹೆಚ್ಚಿನ ಟನ್

ಲಾಡ್ರು ಕಾರ್ದೋಜ್ ಗೋವೆಯ ಮುರ್ಗಾಂವ್ ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ. ಹಡಗಿಗೆ ಅದಿರು ಹೊತ್ತು ಬಂದ ಬಾರ್ಜು ಎಂಬ ದೊಡ್ಡ ಸರಕು ದೋಣಿಗಳ ಸುತ್ತ ಸಣ್ಣ ದೋಣಿಯಲ್ಲಿ ಹೋಗಿ, ಒಡಲ ಮೇಲೆ ಬರೆದ ಅಂಕಿಗಳಲ್ಲಿ ನೀರು ಯಾವುದನ್ನು ಮುಟ್ಟಿದೆ ಎಂದು ನೋಡುವುದು. ಬಾರ್ಜು ಎಷ್ಟು ಮುಳುಗಿದೆಯೋ ಅದರಿಂದ ಒಳಗೆ ಎಷ್ಟು ಟನ್ ಇದೆ ಎಂದು ಹೇಳುವುದು. ಅಲೆಗೆ ನೀರು ಏರಿಳಿಯುವಾಗ ಬೇರೆಯವರು ಅಂದಾಜಿಗೆ ಬರೆದುಬಿಡುತ್ತಿದ್ದರು. ಲಾಡ್ರು ಏಳು ಅಲೆ ಕಾಯುತ್ತಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪೋರ್ಚುಗೀಸರು ಜಾಗ ಖಾಲಿ ಮಾಡಿದ ನಾಲ್ಕನೆಯ ವರ್ಷ ಹಳೆಯ ಹಡಗೊಂದು ಬಂತು. ಇಂಗ್ಲೆಂಡಿನಲ್ಲಿ ಕಟ್ಟಿದ್ದು, ಈಗ ಗ್ರೀಕರ ಕೈಯಲ್ಲಿತ್ತು. ಇಪ್ಪತ್ತು ಬಾರ್ಜುಗಳು ಅದಕ್ಕೆ ಅದಿರು ತುಂಬಿದವು. ಲಾಡ್ರುವಿನ ಲೆಕ್ಕ ಒಂಬತ್ತು ಸಾವಿರದ ಏಳುನೂರ ಐವತ್ತು ಟನ್. ಹಡಗಿಗೆ ಹೊಸದಾಗಿ ಸೇರಿದ್ದ ಗ್ರೀಕ್ ಅಧಿಕಾರಿ ಹಡಗು ಎಷ್ಟು ಮುಳುಗಿದೆಯೆಂದು ನೋಡಿ, ಮುಳುಗಿದಷ್ಟಕ್ಕೆ ಎಷ್ಟು ಟನ್ ಎಂದು ತೋರಿಸುವ ಅದರ ಹಳೆಯ ಕೋಷ್ಟಕ ತೆರೆದು ಹೇಳಿದ್ದು ಒಂಬತ್ತು ಸಾವಿರದ ಆರುನೂರು. ನೂರೈವತ್ತು ಟನ್ ಎಲ್ಲಿ ಹೋಯಿತು?

ಅದಿರು ಕಂಪನಿಯ ಏಜೆಂಟ್ ಕೊಸಂಬೆಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕೆಳಗಿನ ಬಾರ್ಜುಗಳಿಗೆಲ್ಲ ಕೇಳುವಂತೆ ಹಡಗಿನ ಕಟಕಟೆಯಿಂದ ಕೂಗಿದ.

"ದಾರೀಲೇ ಮಾರ್ಕೊಂಡಿದ್ದೀರಲ್ಲ, ಕಳ್ರಾ. ಸಂಜೆ ಹಡಗು ಹೊರಡೋದ್ರೊಳಗೆ ಲೆಕ್ಕ ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಒಬ್ಬನಿಗೂ ಕೆಲ್ಸ ಇಲ್ಲ. ನಿಂಗೂ ಅಷ್ಟೇ ಲಾಡ್ರು. ಕಣ್ಣಿಗೆ ಪೊರೆ ಬಂದಿದೆ ನಿಂಗೆ."

"ಕಣ್ಣು ನೆಟ್ಟಗಿದೆ ಬಾಬ್. ಟನ್ ಅಂದ್ರೆ ಸಾವಿರ ಕಿಲೋ. ನಮ್ಮಜ್ಜನ ಕಾಲದಿಂದ್ಲೂ ಅಷ್ಟೇ," ಎಂದ ಪಕ್ಕದಲ್ಲೇ ನಿಂತಿದ್ದ ಲಾಡ್ರು. ಗೋವೆಯಲ್ಲಿ ಯಜಮಾನರನ್ನು ಬಾಬ್ ಎನ್ನುವುದು ರೂಢಿ.

"ಮತ್ತೆ ಅವರದೇನು ಬೇರೆ ಟನ್ನಾ?" ಎಂದು ಕೊಸಂಬೆ ನಕ್ಕ.

ಲಾಡ್ರು ನಗಲಿಲ್ಲ. ಗಡಿಯಾಚೆಯವರು ಮಣ, ಸೇರು ಎನ್ನುತ್ತಿದ್ದಾಗಲೇ ಗೋವೆಯ ಮಕ್ಕಳು ಕಿಲೋ ಬಾಯಿಪಾಠ ಮಾಡಿದ್ದರು. ಟನ್ನಿನಲ್ಲೂ ಜಾತಿ ಇದ್ದೀತೆಂದು ಇಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಕೊಸಂಬೆ ತಮಾಷೆಗೆ ಆಡಿದ ಮಾತು ಲಾಡ್ರುವಿಗೆ ಮುಳ್ಳಿನಂತೆ ಚುಚ್ಚಿಕೊಂಡಿತು.

ಡೆಕ್ಕಿನ ಮೇಲೆ ಸಿಹಿನೀರಿನ ಚೌಕದ ತೊಟ್ಟಿಯೊಂದಿತ್ತು. ಮೈಮೇಲೆ 'ಮೂವತ್ತು ಟನ್' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಲಾಡ್ರು ಅಳತೆಪಟ್ಟಿ ತೆಗೆದ.

"ಈಗ ತೊಟ್ಟಿಗೆ ಅಂಗಿ ಹೊಲೀತೀಯಾ?" ಎಂದ ಕೊಸಂಬೆ.

"ಸಿಹಿನೀರು ಒಂದು ಮೀಟರ್ ಉದ್ದ, ಒಂದು ಅಗಲ, ಒಂದು ಎತ್ತರ ಇದ್ರೆ ಒಂದು ಟನ್. ಇದು ಯಾವ ರಾಜ ಬಂದ್ರೂ ಬದಲಾಗಲ್ಲ ಬಾಬ್."

ತೊಟ್ಟಿಯ ಉದ್ದ ನಾಲ್ಕು ಮೀಟರ್, ಅಗಲ ಮೂರು, ಎತ್ತರ ಎರಡು ಮೀಟರ್ ಐವತ್ನಾಲ್ಕು ಸೆಂಟಿಮೀಟರ್. ಗುಣಿಸಿದರೆ ಮೂವತ್ತು ಟನ್, ಮೇಲೆ ನಾನೂರ ಎಂಬತ್ತು ಕಿಲೋ. ಗ್ರೀಕ ನಂಬದೆ ತಾನೇ ಮತ್ತೊಮ್ಮೆ ಅಳೆದ. ಅಷ್ಟೇ ಬಂತು. ನಾನೂರ ಎಂಬತ್ತನ್ನು ಮೂವತ್ತು ಟನ್ನಿಗೆ ಹಂಚಿದರೆ ಟನ್ನಿಗೆ ಹದಿನಾರು ಕಿಲೋ ಹೆಚ್ಚು. ಈ ಹಡಗು ಕಟ್ಟಿದವರ ಟನ್ ಸಾವಿರದ ಹದಿನಾರು ಕಿಲೋದ್ದು. ಕೋಷ್ಟಕವೂ ಅದೇ ಟನ್ನಿನದು.

ಲಾಡ್ರು ತೊಟ್ಟಿಯ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದ. ಒಂಬತ್ತು ಸಾವಿರದ ಆರುನೂರು ಸಲ ಹದಿನಾರು ಕಿಲೋ ಎಂದರೆ ಸುಮಾರು ನೂರ ಐವತ್ತಮೂರೂವರೆ ಟನ್. ಸುಣ್ಣದ ಕೈ ಒರೆಸಿಕೊಂಡು ಕೊಸಂಬೆಯ ಕಡೆ ತಿರುಗಿದ.

"ನಾವು ಕೊಟ್ಟದ್ದಕ್ಕಿಂತ ಮೂರೂವರೆ ಟನ್ ಜಾಸ್ತೀನೇ ಇದೆ ಇವರ ಹತ್ರ. ಅದನ್ನ ಯಾರ ಮನೇಲಿ ಕದ್ರು ಅಂತ ಸ್ವಲ್ಪ ಕೇಳಿ ಬಾಬ್."

ಗ್ರೀಕ ಬಿದ್ದುಬಿದ್ದು ನಕ್ಕು ಲಾಡ್ರುವಿನ ಲೆಕ್ಕದ ಕಾಗದಕ್ಕೆ ಸಹಿ ಹಾಕಿದ. ಕೊಸಂಬೆಯ ಮುಖ ಇಂಗು ತಿಂದ ಮಂಗನಂತಾಗಿತ್ತು.

"ಆಯ್ತಲ್ಲ ಮಾರಾಯ, ನಾಳೆ ಎಲ್ರೂ ಕೆಲಸಕ್ಕೆ ಬನ್ನಿ."

"ಬರ್ತೀವಿ. ಆದ್ರೆ ಕಳ್ಳರು ಅಂದದ್ದು ಇಪ್ಪತ್ತು ಬಾರ್ಜಿಗೂ ಕೇಳಿಸಿದೆ. ಇದೂ ಕೇಳಿಸ್ಬೇಕು. ದೋಣಿ ಕೆಳಗಿದೆ, ಇಳೀರಿ."

ಸಹಿ ಬಿದ್ದ ಕಾಗದ ಲಾಡ್ರುವಿನ ಕೈಯಲ್ಲಿತ್ತು, ಅದಿಲ್ಲದೆ ಕಂಪನಿಗೆ ಹಣ ಬರುವಂತಿರಲಿಲ್ಲ. ಕೊಸಂಬೆ ಇಳಿದ. ಮೊದಲ ಬಾರ್ಜಿನ ಪಕ್ಕ ದೋಣಿ ನಿಂತಾಗ ಏನೋ ಗೊಣಗಿದ. ಬಾರ್ಜು ನಡೆಸುವ ತಾಂಡೇಲ ವಿಠು ಕಿವಿಗೆ ಕೈಯಿಟ್ಟು ಬಗ್ಗಿದ.

"ಕೇಳಿಸ್ಲಿಲ್ಲ."

"ನೀವು ಕದ್ದಿಲ್ಲ, ತಪ್ಪು ನಂದು," ಎಂದು ಕೊಸಂಬೆ ಗಟ್ಟಿಯಾಗಿ ಹೇಳಿದ. ಬಾರ್ಜಿನವರು ಹೋ ಎಂದು ಕೇಕೆ ಹಾಕಿದರು. ಲಾಡ್ರುವಿಗೆ ಎದೆ ತುಂಬಿ ಬಂತು. ಹುಟ್ಟು ಹಾಕಿ ದೋಣಿಯನ್ನು ಮುಂದಕ್ಕೆ ತಿರುಗಿಸಿದ.

"ಇನ್ನು ಹತ್ತೊಂಬತ್ತಿವೆ ಬಾಬ್. ಗಂಟಲು ಕಾಪಾಡ್ಕೊಳ್ಳಿ."