ಪೀಸುಪೋ ಬೆಲೆ ಇಳಿಸಿದ ಅಸೆನಾಟಿ

ಕಂಪನಿಯ ಲಾರಿ ಓಡಿಸುವವನಿಗೆ ಎರಡು ಕೆಲಸ. ಒಂದು ಸಾಮಾನು ಹೊರುವುದು, ಇನ್ನೊಂದು ಕಚೇರಿಯವರ ಕಷ್ಟ ಕೇಳುವುದು. ಎರಡನೆಯದಕ್ಕೆ ಸಂಬಳವಿಲ್ಲ. ಸಮೋವಾದ ರಾಜಧಾನಿ ಆಪಿಯಾದ ಹೊರಗೆ ವೈತೆಲೆಯಲ್ಲಿ ನಮ್ಮ ಸಗಟು ಕಂಪನಿ ಇದೆ. ತಾವಿತಾ ಎಂಬ ನಾನು ಅಲ್ಲಿ ಹದಿನಾರು ವರ್ಷದಿಂದ ಎರಡನ್ನೂ ಮಾಡುತ್ತಿದ್ದೇನೆ. ಅಸೆನಾಟಿ ನನಗಿಂತ ಮೂರು ವರ್ಷ ಮೊದಲೇ ಸೇರಿದವಳು. ಮಾಲಿನ ಬೆಲೆಗಳನ್ನೆಲ್ಲ ಇಡುವುದು ಅವಳ ಕೆಲಸ. ಅಕ್ಕಿ, ಸಕ್ಕರೆ, ಡಬ್ಬಿ ಮೀನು, ಸೀಮೆಎಣ್ಣೆ, ಯಾವುದಕ್ಕೆ ಇವತ್ತು ಎಷ್ಟು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಹಳ್ಳಿಯ ಅಂಗಡಿಯವರು ಅವಳನ್ನು ಬೆಲೆಯಮ್ಮ ಎಂದೇ ಕರೆಯುತ್ತಿದ್ದರು. ಒಂದು ಸೇನೆ, ಅಂದರೆ ನಮ್ಮ ತಾಲಾದ ಪೈಸೆ, ಆಚೀಚೆ ಆದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಬೆಲೆಯ ವಿಷಯದಲ್ಲಿ ಅಸೆನಾಟಿ ಹೇಳಿದ ಮಾತು ಸುಳ್ಳಾಗುವುದಿಲ್ಲ ಎಂಬ ಹೆಸರೇ ಅವಳ ಆಸ್ತಿ. ಆ ಆಸ್ತಿ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಆಕ್ಲೆಂಡಿನವರು ಕಂಪನಿಯಲ್ಲಿ ಅರ್ಧ ಪಾಲು ಕೊಂಡರು. ಮ್ಯಾನೇಜರ್ ಒತ್ತೋ ಉಳಿದರು, ಅಸೆನಾಟಿ ಬೆಲೆ ಬರೆದಿಡುತ್ತಿದ್ದ ದಪ್ಪ ಪುಸ್ತಕ ಹೋಯಿತು, ಮಾರಾಟದ ಸಾಫ್ಟ್‌ವೇರ್ ಬಂತು. ತಿಂಗಳಿಗೊಮ್ಮೆ ಅಲ್ಲಿಂದ ಇಂಗ್ಲಿಷಿನಲ್ಲಿ ಹೊಸ ಬೆಲೆಗಳ ಪಟ್ಟಿ ಬರುತ್ತದೆ. ಅದರ ಒಂದೊಂದು ಸಾಲನ್ನೂ ನಮ್ಮ ಮಾಲಿನ ಹೆಸರಿಗೆ ಜೋಡಿಸಿ ಗುಂಡಿ ಒತ್ತಬೇಕು. ಬೆಳಗಾಗುವಷ್ಟರಲ್ಲಿ ನಮ್ಮ ಹನ್ನೊಂದು ಅಂಗಡಿಗಳಲ್ಲೂ ಅದೇ ಬೆಲೆ. ಒಮ್ಮೆ ಒತ್ತಿದ್ದನ್ನು ಒಂದು ವಾರ ಮುಟ್ಟುವಂತಿಲ್ಲ, ಮುಟ್ಟಬೇಕೆಂದರೆ ಆಕ್ಲೆಂಡಿನ ಅಪ್ಪಣೆ ಬೇಕು. ನಮ್ಮ ಮಾಲಿನ ಹೆಸರುಗಳನ್ನು ಅದರೊಳಗೆ ತುಂಬಿದವಳು ಅಸೆನಾಟಿಯೇ. ನಾವು ಬಾಯಲ್ಲಿ ಹೇಗೆ ಕರೆಯುತ್ತೇವೋ ಹಾಗೇ ತುಂಬಿದ್ದಳು.

ಇಲ್ಲಿ ಪೀಸುಪೋ ವಿಷಯ ಹೇಳಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಹಡಗಿನಿಂದ ಇಳಿದ ಮೊದಲ ಡಬ್ಬಿಗಳಲ್ಲಿ ಬಟಾಣಿಯ ಸೂಪ್, ಅಂದರೆ ಪೀ ಸೂಪ್ ಇತ್ತಂತೆ. ನಮ್ಮ ನಾಲಿಗೆಯಲ್ಲಿ ಅದು ಪೀಸುಪೋ ಆಯಿತು. ಆಮೇಲೆ ಡಬ್ಬಿಯಲ್ಲಿ ದನದ ಮಾಂಸ ಬಂತು, ಬಟಾಣಿ ಹೋಯಿತು, ಹೆಸರು ಉಳಿಯಿತು. ಇವತ್ತು ಸಮೋವಾದಲ್ಲಿ ಪೀಸುಪೋ ಎಂದರೆ ಡಬ್ಬಿ ಮಾಂಸ. ಅದರ ಪೆಟ್ಟಿಗೆಗಳಿಲ್ಲದೆ ಒಂದು ಮದುವೆಯಿಲ್ಲ, ಒಂದು ಸಾವಿಲ್ಲ.

ಜೂನ್ ತಿಂಗಳ ಆ ಗುರುವಾರ ಅಸೆನಾಟಿಯ ಸೋದರಮಾವ ತೀರಿಕೊಂಡರು. ಫಲೆಆಲಿಲಿ ಕಡೆ ದೊಡ್ಡ ಪದವಿಯ ಮುಖ್ಯಸ್ಥರು. ಶುಕ್ರವಾರ ಅವಳು ಹೊಸ ಬೆಲೆಗಳನ್ನು ಮುಗಿಸಿ ಊರಿಗೆ ಹೊರಡಬೇಕಿತ್ತು. ಅವಳನ್ನು ಬಿಟ್ಟುಬರಲೆಂದು ನಾನು ಪಕ್ಕದಲ್ಲೇ ಕುಳಿತು ಪನಿಕೆಕೆ ಎಂಬ ಕರಿದ ಸಿಹಿ ಉಂಡೆ ತಿನ್ನುತ್ತಿದ್ದೆ. ಪಟ್ಟಿಯ ಒಂದು ಸಾಲಿನಲ್ಲಿ ಅವಳ ಬೆರಳು ನಿಂತಿತು.

"ನೋಡೋ ತಾವಿತಾ, ಆಕ್ಲೆಂಡಿನವ್ರಿಗೆ ಕೊನೆಗೂ ನಮ್ಮ ಮಾತು ಬಂತು. ಪೀ ಸೂಪ್ ಅಂತ ಬರ್ದಿದಾರೆ. ಕಾಗುಣಿತ ಮಾತ್ರ ಬರ್ಲಿಲ್ಲ, ಪಾಪ."

"ಇನ್ನೂರು ವರ್ಷ ಆದ್ಮೇಲೆ ಅದೂ ಬರತ್ತೆ ಬಿಡಕ್ಕ."

ಬೆಲೆ ನೋಡಿ ಅವಳ ನಗು ನಿಂತಿತು. ಪೆಟ್ಟಿಗೆಗೆ ನಲವತ್ತಾರು ತಾಲಾ. ಹಿಂದಿನ ತಿಂಗಳು ಇನ್ನೂರ ಹದಿನಾಲ್ಕಿತ್ತು. ಡಬ್ಬಿ ಮಾಂಸ ಎಂಬ ಬೇರೆ ಸಾಲು ಈ ಸಲದ ಪಟ್ಟಿಯಲ್ಲಿ ಇರಲಿಲ್ಲ. ಬೇರೆ ಯಾರೇ ಆಗಿದ್ದರೂ ಕಣ್ಣು ಮುಚ್ಚಿ ಒತ್ತುತ್ತಿದ್ದರು. ಅವಳು ಆಕ್ಲೆಂಡಿಗೆ ಫೋನ್ ಮಾಡಿದಳು. ಅತ್ತ ಕಡೆಯ ಹುಡುಗಿಯ ದನಿ ನನಗೂ ಕೇಳಿಸುತ್ತಿತ್ತು.

"ಪೀಸುಪೋ ಪೆಟ್ಟಿಗೆಗೆ ನಲವತ್ತಾರು ಅಂತ ಬಂದಿದೆ. ಸರೀನಾ?"

"ಪೀ ಸೂಪ್ ತಾನೇ? ಹೌದು, ನಲವತ್ತಾರೇ."

"ಅಷ್ಟು ಕಡಿಮೆನಾ?"

"ಕಡಿಮೆನಾ? ಇಲ್ಲಿ ಎಲ್ರೂ ಜಾಸ್ತಿ ಆಯ್ತು ಅಂತಿದಾರೆ ಮೇಡಂ."

ಇನ್ನೇನು ಕೇಳಬೇಕು? ಇವಳು ಕೇಳಿದ್ದು ಮಾಂಸ, ಆ ಹುಡುಗಿ ಹೇಳಿದ್ದು ಬಟಾಣಿ. ಇಬ್ಬರ ಬಾಯಲ್ಲೂ ಒಂದೇ ಮಾತು. ಅಸೆನಾಟಿ ಆ ಸಾಲನ್ನು ಪೀಸುಪೋಗೆ ಜೋಡಿಸಿ ಗುಂಡಿ ಒತ್ತಿದಳು. ನಾನು ಕೈಯೆಣ್ಣೆ ಒರೆಸಿಕೊಂಡು ಲಾರಿಯ ಬೀಗದ ಕೈ ಹುಡುಕಿದೆ.

ಶನಿವಾರ ಬೆಳಿಗ್ಗೆ ಅವಳ ಮಾವನ ಮಕ್ಕಳು ನಮ್ಮ ದೊಡ್ಡ ಅಂಗಡಿಗೆ ಬಂದರು. ಸಾವಿಗೆ ಅರುವತ್ತು ಪೆಟ್ಟಿಗೆ ಬೇಕಿತ್ತು. ಬೆಲೆ ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುನ್ನೂರು ತೆಗೆದುಕೊಂಡರು. ಅಂಗಡಿಯವನಿಗೆ ಕಂಪ್ಯೂಟರಿನ ಪರದೆ ತೋರಿಸಿದ್ದೇ ಬೆಲೆ. ಫೋನನ್ನು ನಾನೇ ಕೇಳಿದ್ದೆನಲ್ಲ, ನನಗೂ ಅನುಮಾನ ಬರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಎರಡು ಪೆಟ್ಟಿಗೆ ಕೊಂಡೆ.

ಮುನ್ನೂರನ್ನೂ ಹೇರಿಕೊಂಡು ಊರಿಗೆ ಹೋದಾಗ ಅಸೆನಾಟಿ ಒಲೆಮನೆಯ ಹತ್ತಿರ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು. ಮಾಂಸದ ಪೆಟ್ಟಿಗೆಗಳ ಮೇಲೆ ಹಸಿರು ಚಿತ್ರದ ಒಂದು ಸಣ್ಣ ಪೆಟ್ಟಿಗೆಯೂ ಇತ್ತು.

"ಇದೇನೋ?"

"ಆಕ್ಲೆಂಡಿಂದ ಹೊಸ ಮಾಲು ಬಂತಕ್ಕ, ಬಟಾಣಿ ಸೂಪಂತೆ. ಬೆಲೆ ಇನ್ನೂ ಬಂದಿಲ್ಲ, ಅಡಿಗೆಯವ್ರು ರುಚಿ ನೋಡ್ಲಿ ಅಂತ ಸುಮ್ನೆ ಕೊಟ್ರು."

ಅವಳು ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಗೆಡ್ಡೆ ಕೆಳಗಿಟ್ಟು ಫೋನ್ ಹುಡುಕಿದಳು. ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು, ನಾನು ಲಾರಿಯವನು.

ಆಕ್ಲೆಂಡಿಗೆ ಫೋನ್ ಮಾಡಿದರೆ ಯಂತ್ರ ಮಾತಾಡಿತು. ಸೋಮವಾರವೂ ರಜೆ, ಮಂಗಳವಾರ ಫೋನ್ ಮಾಡಿ ಎಂದಿತು. ಒತ್ತೋ ಮೀನು ಹಿಡಿಯಲು ಹೋಗಿದ್ದರು, ಫೋನು ಸತ್ತಿತ್ತು. ಅಸೆನಾಟಿ ಮಾವನ ಹೆಂಡತಿ ಲೂಪೆಯ ಹತ್ತಿರ ಓಡಿದಳು.

"ಅತ್ತೆ, ಆ ಬೆಲೆ ತಪ್ಪಾಗಿದೆ. ಪೆಟ್ಟಿಗೆಗಳ್ನ ವಾಪಸ್ ಕಳ್ಸೋಣ."

ಲೂಪೆ ಅಳುವುದನ್ನು ನಿಲ್ಲಿಸಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. "ಸುಮ್ನಿರೇ ಮಗಳೇ. ಎಲ್ಲಾ ಗೊತ್ತಾಯ್ತು ನಮ್ಗೆ. ನಿಮ್ಮ ಮಾವ ಹೇಳ್ತಾನೇ ಇದ್ರು, ನಮ್ಮ ಅಸೆನಾಟಿ ಒಂದಿನ ಮನೆತನದ ಮುಖ ಉಳಿಸ್ತಾಳೆ ಅಂತ."

"ಅಯ್ಯೋ, ಹಾಗಲ್ಲ ಅತ್ತೆ, ನಿಜವಾಗ್ಲೂ ತಪ್ಪು."

"ತಪ್ಪೂ ಅಂತ್ಲೇ ಹೇಳು, ಹೊರಗಿನವ್ರಿಗೆ. ನಾವ್ಯಾಕೆ ಬಾಯಿ ಬಿಡ್ತೀವಿ?" ಎಂದು ಲೂಪೆ ಕಣ್ಣು ಮಿಟುಕಿಸಿದಳು. ಅಷ್ಟರಲ್ಲಿ ಹುಡುಗರು ಎಣಿಸಿ ಎಣಿಸಿ ಮುನ್ನೂರನ್ನೂ ಮನೆಯೊಳಗೆ ಸಾಲಾಗಿ ಜೋಡಿಸಿಯಾಗಿತ್ತು. ಅಂಥ ಸಾಲನ್ನು ಆ ಊರು ಹಿಂದೆಂದೂ ಕಂಡಿರಲಿಲ್ಲ.

ಸೋಮವಾರ ಮಣ್ಣಾಯಿತು. ಒತ್ತೋ ಕರಿ ಬಟ್ಟೆ ಹಾಕಿಕೊಂಡು, ಸಾವಿನ ಕಾಣಿಕೆಗೆ ಒಂದು ಚಾಪೆ, ದುಡ್ಡಿನ ಒಂದು ಲಕೋಟೆ ಹಿಡಿದು ಬಂದರು. ಕೆಟ್ಟ ಮನುಷ್ಯನಲ್ಲ; ನೌಕರರ ಮನೆಯ ಯಾವ ಸಾವನ್ನೂ ತಪ್ಪಿಸಿದವರಲ್ಲ. ಅಸೆನಾಟಿ ಅವರನ್ನು ಕಂಡವಳೇ ವಿಷಯ ಹೇಳಲು ಎದ್ದಳು. ಆದರೆ ಅದೇ ಹೊತ್ತಿಗೆ ಸಭೆಯಲ್ಲಿ ಮನೆತನದ ಪರವಾಗಿ ಮಾತಾಡುವ ಮಾತುಗಾರ ಅಂಗಳಕ್ಕೆ ಬಂದು ಕೋಲು ಊರಿ ನಿಂತ. ಅವನು ನಿಂತ ಮೇಲೆ ಬೇರೆಯವರು ಕೂರಬೇಕು. ಅವಳು ಕೂತಳು.

ಸತ್ತವರ ವಂಶ ಹೇಳಿದ, ಕಾಣಿಕೆ ಬಂದ ಚಾಪೆಗಳ ಲೆಕ್ಕ ಹೇಳಿದ. ಆಮೇಲೆ ಚಾಮರವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ದನಿ ಏರಿಸಿದ.

"ಇನ್ನು ಪೀಸುಪೋ, ಮುನ್ನೂರು ಪೆಟ್ಟಿಗೆ! ಎಲ್ಲಿಂದ ಬಂತು ಅಂತೀರಾ? ಈ ಮನೆ ಮಗಳು ಅಸೆನಾಟಿಯಿಂದ ಬಂತು. ಬೆಲೆಯೆಲ್ಲಾ ಅವಳ ಬೆರಳಲ್ಲಿದೆ. ಮಾವನ ಸಾವಿಗೆ ಇಡೀ ದೇಶದ ಬೆಲೆಯನ್ನೇ ಇಳಿಸಿದ್ಲು. ಸೇವೆ ಅಂದ್ರೆ ಇದು!"

ಊರೆಲ್ಲ ಒಂದೇ ದನಿಯಲ್ಲಿ ಭೇಷ್ ಎಂದಿತು. ಬಾಯಿ ಬಿಡುವುದಿಲ್ಲ ಎಂದಿದ್ದ ಲೂಪೆಯೇ ಎಲ್ಲರಿಗಿಂತ ಜೋರಾಗಿ ಎಂದಳು. ನಾನು ಒತ್ತೋ ಮುಖ ನೋಡಿದೆ. ಮನುಷ್ಯ ಬೆವರುತ್ತಿದ್ದರು. ಅಸೆನಾಟಿ ತಲೆ ತಗ್ಗಿಸಿ ಚಾಪೆಯ ಒಂದು ಎಳೆಯನ್ನು ಕೀಳುತ್ತಿದ್ದಳು. ಎದ್ದು ನಿಂತು ಇದು ತಪ್ಪು ಎಂದರೆ ಮಾತುಗಾರ ಸುಳ್ಳನಾಗುತ್ತಾನೆ, ಮಾವನ ಸಾವಿನ ಊಟ ಕದ್ದ ಮಾಲಾಗುತ್ತದೆ. ಸುಮ್ಮನೆ ಕೂತರೆ ಅವಳು ಕಳ್ಳಿ. ಅತ್ತ ದರಿ, ಇತ್ತ ಪುಲಿ. ಹತ್ತೊಂಬತ್ತು ವರ್ಷ ಕಾಪಾಡಿಕೊಂಡು ಬಂದ ಹೆಸರು ಹೊಗಳಿಕೆಯಲ್ಲೇ ಮುಳುಗಿಹೋಯಿತು.

ಬಂದವರಿಗೆ ಮರುಕಾಣಿಕೆ ಕೊಡುವುದು ಪದ್ಧತಿ. ಒತ್ತೋಗೆ ಹತ್ತು ಪೆಟ್ಟಿಗೆ ಪೀಸುಪೋ ಕೊಟ್ಟರು. ಬೇಡ ಎನ್ನುವಂತಿಲ್ಲ. ಅವರು ಎರಡೂ ಕೈಯಲ್ಲಿ ಮುಟ್ಟಿ, ತಲೆಗೆ ಎತ್ತಿ, ಧನ್ಯವಾದ ಹೇಳಿದರು. ನಾನು ಅವುಗಳನ್ನು ಅವರ ಕಾರಿಗೆ ಹಾಕುವಾಗ ಹತ್ತಿರ ಬಂದರು.

"ಇದು ನಮ್ಮದೇ ಪೀಸುಪೋ ತಾನೇನೋ?"

"ಹೌದು ಸಾರ್."

"ಧನ್ಯವಾದ ಬೇರೆ ಹೇಳಿಬಿಟ್ನಲ್ಲೋ ಮಾರಾಯ."

ಬುಧವಾರ ಅವಳನ್ನು ಕರೆಸಿದರು. ಫೋನಿನ ಮಾತನ್ನು ನಾನು ಕೇಳಿದ್ದೇನೆ ಎಂದು ನಾನೂ ಕರೆಯದೆಯೇ ಒಳಗೆ ಹೋದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಆ ಹುಡುಗೀನೂ ಅದೇ ಹೇಳ್ತಾಳೆ. ಪೀ ಸೂಪ್ ಕೇಳಿದ್ರು, ಪೀ ಸೂಪ್ ಹೇಳ್ದೆ ಅಂತಾಳೆ," ಎಂದರು ಒತ್ತೋ. "ಆಕ್ಲೆಂಡಿನವ್ರು ಕೇಳ್ತಿರೋದು ಒಂದೇ. ಮುನ್ನೂರೂ ಅವಳ ಮನೆಗೇ ಹೇಗೆ ಹೋಯ್ತು? ಅಸೆನಾಟಿ, ಆ ಮಾತುಗಾರ ಹೇಳಿದ್ದು ಸುಳ್ಳು ಅಂತ ಬರೆದು ಸಹಿ ಹಾಕು. ಪೆಟ್ಟಿಗೆ ಬಾಕಿ ದುಡ್ಡು ನಿಮ್ಮ ಮನೆಯವ್ರ ಹತ್ರ ಕೇಳ್ತೀವಿ. ನಿನ್ನ ಕೆಲಸ ಉಳಿಯತ್ತೆ."

ಕಾಗದ ಮುಂದೆ ಇಟ್ಟರು. ಅವಳು ಪೆನ್ನು ಹಿಡಿದಳು, ಮುಚ್ಚಳ ಹಾಕಿದಳು.

"ಮಾವನ್ನ ಮಣ್ಣು ಮಾಡಿ ಎರಡು ದಿನ ಆಗಿಲ್ಲ ಸಾರ್. ಹೇಗೆ ಬರೀಲಿ?"

"ಹಾಗಾದ್ರೆ ನಾನೇನು ಮಾಡ್ಲಿ, ನೀನೇ ಹೇಳು."

"ನೀವೂ ಏನೂ ಮಾಡೋ ಹಾಗಿಲ್ಲ," ಎಂದಳು. ಕೆಲಸ ಬಿಟ್ಟೆ ಎಂದು ಬರೆದುಕೊಟ್ಟಳು. ಹೋಗುವ ಮುಂಚೆ, ಆಕ್ಲೆಂಡಿನ ಅಪ್ಪಣೆಯ ಮೇಲೆ, ಸಾಫ್ಟ್‌ವೇರಿನಲ್ಲಿ ಪೀಸುಪೋ ಎಂಬ ಹೆಸರನ್ನು ಅಳಿಸಿ ಡಬ್ಬಿ ಮಾಂಸ ಎಂದು ಇಂಗ್ಲಿಷಿನಲ್ಲಿ ಸೇರಿಸಿ, ಇನ್ನೂರ ಹದಿನಾಲ್ಕು ಎಂದು ಬೆಲೆ ಹಾಕಿದಳು. ಅದು ಅವಳು ಇಟ್ಟ ಕಡೆಯ ಬೆಲೆ.

ಈಗ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುತ್ತಾಳೆ. ಸಹಿ ಇಲ್ಲದ್ದರಿಂದ ಕಂಪನಿ ಬಾಕಿ ಕೇಳಲಿಲ್ಲ, ಊರಿನವರಿಗೆ ಇದೊಂದೂ ಗೊತ್ತಿಲ್ಲ. ಅವರ ಪಾಲಿಗೆ ಅವಳಿನ್ನೂ ಬೆಲೆಯಮ್ಮನೇ.

ಅಕ್ಟೋಬರಿನಲ್ಲಿ ಲೂಪೆಯ ತಮ್ಮ ತೀರಿಕೊಂಡ. ಅಸೆನಾಟಿ ನನಗೆ ಫೋನ್ ಮಾಡಿ ಇಪ್ಪತ್ತು ಪೆಟ್ಟಿಗೆ ಹಾಕಿಸಿಕೊಂಡು ಬಾ ಎಂದಳು. ಆರು ತಿಂಗಳ ಸಂಬಳದಷ್ಟು ಹಣ ಎಣಿಸಿ ಕೊಟ್ಟಳು. ಬೈದೆ. ನಿನಗೇನು ತಲೆ ಕೆಟ್ಟಿದೆಯಾ ಎಂದೆ.

"ಅತ್ತೆ ಫೋನ್ ಮಾಡಿದ್ರೋ. ಈ ಸಲ ಎಷ್ಟಕ್ಕೆ ಇಳಿಸ್ತೀಯಾ ಮಗಳೇ, ಅಂತ ಕೇಳಿದ್ರು."

"ನೀನೇನಂದೆ?"

"ಪೆಟ್ಟಿಗೆಗೆ ಐವತ್ತಕ್ಕೆ ಅಂದೆ."

ಊರು ಇನ್ನೂ ಒಂದು ಮೈಲಿ ಇರುವಾಗ ಲಾರಿ ನಿಲ್ಲಿಸಲು ಹೇಳಿದಳು. ಹಿಂದೆ ಹತ್ತಿ ಕೂತು, ಪ್ರತಿ ಪೆಟ್ಟಿಗೆಗೂ ಅಂಟಿಸಿದ್ದ ಇನ್ನೂರ ಹದಿನಾಲ್ಕರ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದಳು. ಇಪ್ಪತ್ತು ಪೆಟ್ಟಿಗೆ ಇತ್ತು. ನಾನೂ ಹತ್ತಿ ಅವಳ ಎದುರು ಕೂತು ಕೆರೆದೆ.