ಪರಿಚಯದಲ್ಲಿ ಬಿಟ್ಟ ಸೋಲು

ಅಮೆರಿಕದ ಎಲ್ಕ್ ಗ್ರೋವ್‌ನಲ್ಲಿರುವ ನಮ್ಮ ಪೇಂಟ್ ಫ್ಯಾಕ್ಟರಿಗೆ ಮೊನ್ನೆ ಸ್ವೀಡನ್ನಿನ ಹಿರಿಯ ರಾಜಕಾರಣಿಯೊಬ್ಬರು ಭಾಷಣಕ್ಕೆ ಬಂದಿದ್ದರು. ಅವರನ್ನು ಸಭೆಗೆ ಪರಿಚಯಿಸುವ ಕೆಲಸ ನನ್ನದು. ಮೈಸೂರಿನ ಸನ್ಮಾನ ಸಮಾರಂಭಗಳನ್ನು ನೋಡಿ ಬೆಳೆದವನು ನಾನು, ಹೊಗಳೋದಕ್ಕೆ ಜಿಪುಣತನ ಮಾಡ್ತೀನಾ? ಸಂಸದೆ, ಮಂತ್ರಿ, ಆಮೇಲೆ ಯುರೋಪಿಯನ್ ಪಾರ್ಲಿಮೆಂಟ್ ಸದಸ್ಯೆ ಅಂತ ಒಂದೇ ಉಸಿರಿಗೆ ಹೇಳಿದೆ. ನಡುವೆ ಅವರು ಸೋತಿದ್ದ ಚುನಾವಣೆಯನ್ನು ಮಾತ್ರ ಬಿಟ್ಟೆ.

ಆಕೆ ಮೈಕ್ ಹಿಡಿದು ನಕ್ಕರು. "ಇವರು ಒಂದು ವಿಷಯ ಹೇಳಲಿಲ್ಲ. ಮಂತ್ರಿಯಾಗಿದ್ದಾಗಲೇ ನಾನು ಸೋತೆ. ಮಾರನೇ ವಾರ ಮನೆಮನೆಗೆ ಹೋಗಿ, ನನಗೆ ಯಾಕೆ ವೋಟು ಹಾಕಲಿಲ್ಲ ಅಂತ ಕೇಳಿದೆ. ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ನಾನು ಮಾಡಿದ್ದೆಲ್ಲ ಅವತ್ತು ಕಲಿತದ್ದು."

ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ನನ್ನ ಪರಿಚಯಕ್ಕೆ ಒಬ್ಬರೂ ತಟ್ಟಿರಲಿಲ್ಲ.

ಊಟದ ಹೊತ್ತಿಗೆ ಹತ್ತಿರ ಹೋಗಿ, "ಸಾರಿ ಮೇಡಂ, ಮರ್ಯಾದೆಗೆ ಅಂತ ಬಿಟ್ಟೆ" ಅಂದೆ.

"ಯಾರ ಮರ್ಯಾದೆಗೆ?" ಅಂದರು, ತಣ್ಣಗೆ.

ಮನೆಗೆ ಬಂದವನೇ ನನ್ನ ರೆಸ್ಯುಮೆ ತೆಗೆದೆ. ಈ ಕೆಲಸಕ್ಕೆ ಮುಂಚೆ ಲೇಆಫ್ ಆಗಿ ಮನೇಲಿ ಕೂತಿದ್ದ ಎಂಟು ತಿಂಗಳನ್ನು 'ಕನ್ಸಲ್ಟಿಂಗ್' ಅಂತ ಬರೆದುಕೊಂಡಿದ್ದೆ. ಅದನ್ನು ಅಳಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮುಚ್ಚುವಾಗ ಕಂಪ್ಯೂಟರ್, ಸೇವ್ ಮಾಡಬೇಕಾ ಅಂತ ಕೇಳಿತು.

ಇನ್ನೂ ಉತ್ತರ ಕೊಟ್ಟಿಲ್ಲ.